ಹೂ ಕೀಳದ ಕೈ

ಮಗೂ,

ನಿನ್ನ ಬಣ್ಣದ ಡಬ್ಬಿ ಅಟ್ಟ ಸೇರಿತೆಂದು ನಿನ್ನಮ್ಮ ಮೊನ್ನೆ ಫೋನಿನಲ್ಲಿ ಹೇಳಿದಳು. ಚಿತ್ರಕಲಾ ಕಾಲೇಜಿನ ಪಟ್ಟಿಯಲ್ಲಿ ಹೆಸರು ಬರಲಿಲ್ಲವೆಂದು ಕುಂಚ ತೊಳೆದು ಕಟ್ಟಿಟ್ಟುಬಿಟ್ಟಿದ್ದೀಯಂತೆ. ನಾನು ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವನು. ಎಷ್ಟೋ ಮಕ್ಕಳ ಕೈ ಹೀಗೆ ನಿಂತುಹೋಗುವುದನ್ನು ಕಂಡಿದ್ದೇನೆ. ಕಂಡೂ ಏನೂ ಹೇಳದೆ ಸುಮ್ಮನಿದ್ದೆ. ಆ ಮೌನದ ಬಗ್ಗೆ ಈಗ ಸಂಕಟವಾಗುತ್ತದೆ. ಆದ್ದರಿಂದ ಇವತ್ತು ಕಾಗದ ಬರೆಯಲು ಕೂತಿದ್ದೇನೆ. ಒಬ್ಬ ಹೆಂಗಸಿನ ಕಥೆ ಹೇಳುತ್ತೇನೆ, ನಡುನಡುವೆ ನನಗೆ ತೋಚಿದ್ದನ್ನೂ ಹೇಳುತ್ತೇನೆ. ಪೂರ್ತಿ ಓದು.

ಅವಳ ಹೆಸರು ಕತೆರಿನಾ ಬಿಲೊಕುರ್. ಹುಟ್ಟಿದ್ದು 1900ರ ಡಿಸೆಂಬರ್ 7ರಂದು, ಉಕ್ರೇನಿನ ಬೊಹ್ದಾನಿವ್ಕಾ ಎಂಬ ಹಳ್ಳಿಯಲ್ಲಿ. ಆಗ ಅದು ರಷ್ಯಾ ಚಕ್ರಾಧಿಪತ್ಯದ ಪೊಲ್ತಾವಾ ಪ್ರಾಂತ್ಯಕ್ಕೆ ಸೇರಿತ್ತು. ಈಗ ಕೀವ್ ಪ್ರಾಂತ್ಯದಲ್ಲಿದೆ. ಕರಿಮಣ್ಣಿನ ಸೀಮೆ, ಗೋಧಿಯ ಸೀಮೆ. ಬೇಸಾಯದ ಮನೆ, ಅಪ್ಪ ಅಮ್ಮ, ಇಬ್ಬರು ಸೋದರರು. ಹುಡುಗಿ ಆರೇಳು ವರ್ಷಕ್ಕೇ ಮನೆಯಲ್ಲೇ ಅಕ್ಷರ ಕಲಿತು ತಾನಾಗಿ ಓದತೊಡಗಿದಳು. ದೊಡ್ಡವರಿಗೆ ಸಂತೋಷವಾಯಿತು. ಓದಲು ಬಂದೇಬಿಟ್ಟಿತಲ್ಲ, ಇನ್ನು ಶಾಲೆ ಯಾಕೆ, ಬಟ್ಟೆಯ ಖರ್ಚು ಬೂಟಿನ ಖರ್ಚು ಉಳಿಯಿತು ಎಂದು ಲೆಕ್ಕ ಹಾಕಿ ಕೈಗೆ ನೂಲುವ ಕದಿರು ಕೊಟ್ಟರು. ಅವಳ ಚುರುಕುತನವೇ ಅವಳ ಶಾಲೆಯನ್ನು ಕಿತ್ತುಕೊಂಡಿತು ನೋಡು. ಮುಂದೆ ಮೂವತ್ತು ವರ್ಷ ಅವಳು ಎಲ್ಲೆಲ್ಲಿ ಎಡವಿದಳೋ ಅಲ್ಲೆಲ್ಲ ಕಾಲಿಗೆ ಸಿಕ್ಕ ಕಲ್ಲು ಇದೇ.

ಒಂದು ದಿನ ಅಮ್ಮನ ಬಿಳಿ ಬಟ್ಟೆಯ ತುಂಡೊಂದನ್ನು ಕದ್ದು, ಒಲೆಯ ಇದ್ದಿಲು ತೆಗೆದುಕೊಂಡು ಚಿತ್ರ ಬರೆದಳು. ಮನೆಯವರು ಅದನ್ನು ಒಲೆಗೆ ಹಾಕಿದರು. ಬೇಸಾಯದ ಮನೆಯ ಮಗಳು ನೂಲಬೇಕು, ಕಳೆ ಕೀಳಬೇಕು, ಹಸು ನೋಡಬೇಕು, ಮದುವೆಯಾಗಿ ಹೋಗಬೇಕು. ಚಿತ್ರ ಬರೆದು ಕೂತರೆ ಊರು ನಗುತ್ತದೆ. ಅವರನ್ನು ಕೆಟ್ಟವರೆಂದು ನಾನು ಹೇಳಲಾರೆ. ಅವರು ಕಂಡ ಲೋಕದಲ್ಲಿ ಚಿತ್ರ ಬರೆದು ಬದುಕಿದ ಒಬ್ಬ ರೈತ ಹೆಂಗಸೂ ಇರಲಿಲ್ಲ. ಆದರೆ ತಪ್ಪು ತಪ್ಪೇ. ಅವಳು ಅಂದಿನಿಂದ ಕದ್ದುಮುಚ್ಚಿ ಬರೆಯತೊಡಗಿದಳು.

ಇಲ್ಲೊಂದು ವಿಷಯ ನೀನು ತಿಳಿದಿರಬೇಕು. ಉಕ್ರೇನಿನ ಹಳ್ಳಿಗಳಲ್ಲಿ ಹೂ ಬರೆಯುವುದು ಹೊಸದೇನಲ್ಲ. ಸುಣ್ಣ ಬಳಿದ ಮಣ್ಣಿನ ಗೋಡೆಯ ಮೇಲೆ, ಒಲೆಯ ಮೇಲೆ, ಪೆಟ್ಟಿಗೆಯ ಮೇಲೆ ಹೆಂಗಸರು ಹೂಬಳ್ಳಿ ಬರೆಯುತ್ತಿದ್ದರು. ಪೆತ್ರಿಕಿವ್ಕಾ ಎಂಬ ಊರಿನ ಹೂಚಿತ್ರವನ್ನು ಯುನೆಸ್ಕೊ 2013ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿ ಬೆಕ್ಕಿನ ಕೂದಲಿನ ಕುಂಚ ಬಳಸುತ್ತಾರೆ, ಒಂದೇ ಎಳೆತಕ್ಕೆ ಒಂದು ಎಸಳು ಮೂಡುತ್ತದೆ. ಆ ಹೂ ಕೈಯ ರೂಢಿಯಿಂದ ಬರುವ ಹೂ; ತಾಯಿಯ ಕೈಯಿಂದ ಮಗಳ ಕೈಗೆ ಇಳಿದು ಬರುವುದು. ಕತೆರಿನಾಳ ಹೂ ಆ ಬಗೆಯದಲ್ಲ. ಅವಳಿಗೆ ಯಾರ ಕೈಯೂ ಇರಲಿಲ್ಲ. ಗಿಡದ ಮುಂದೆ ಕೂತು, ಆ ಗಿಡದಿಂದಲೇ ಕಲಿತದ್ದು.

ಬಣ್ಣ ಎಲ್ಲಿಂದ ಬರಬೇಕು? ಬೀಟ್‌ರೂಟ್, ಈರುಳ್ಳಿ ಸಿಪ್ಪೆ, ಕಲಿನಾ ಎಂಬ ಪೊದೆಯ ಕೆಂಪು ಹಣ್ಣು, ಇನ್ನೇನೇನೋ ಸೊಪ್ಪು ಬೇರುಗಳಿಂದ ಮಾಡಿಕೊಂಡಳು. ಬೆಕ್ಕಿನ ಬಾಲದಿಂದ ಒಂದೇ ಉದ್ದದ ಕೂದಲುಗಳನ್ನು ಆರಿಸಿ ಕಡ್ಡಿಗೆ ಕಟ್ಟಿ ಕುಂಚ ಮಾಡಿದಳು. ಒಂದೊಂದು ಬಣ್ಣಕ್ಕೂ ಒಂದೊಂದು ಕುಂಚ ಇಟ್ಟುಕೊಂಡಿದ್ದಳು. ಬಟ್ಟೆಗೆ ಪ್ರೈಮರ್ ಬಳಿಯುವುದನ್ನು ತಾನೇ ಮಾಡಿ, ಕೆಡಿಸಿ, ಮತ್ತೆ ಮಾಡಿ ಕಲಿತಳು. ಎಣ್ಣೆ ಬಣ್ಣ ಅವಳ ಕೈಗೆ ಬಂದದ್ದು ಆಮೇಲೆ. ಒಂದು ಕುಂಚ ಸವೆದರೆ ಅಂಗಡಿಗೆ ಓಡುವ ನಾವು ಇದನ್ನು ಓದಿ ಅಯ್ಯೋ ಪಾಪ ಎನ್ನುತ್ತೇವೆ. ನನಗೆ ಹಾಗನ್ನಿಸುವುದಿಲ್ಲ. ಕೂದಲು ಆರಿಸುವಾಗಲೇ ಅವಳ ಬೆರಳಿಗೆ ಗೆರೆಯ ತೂಕ ತಿಳಿದುಹೋಗಿರುತ್ತದೆ. ಸಾಮಾನು ಇಲ್ಲದ್ದು ಅವಳಿಗೆ ನೋವು ಕೊಟ್ಟಿತು, ನಿಜ. ಆದರೆ ಅವಳ ಕೈಯನ್ನು ನಿಲ್ಲಿಸಿದ್ದು ಅದಲ್ಲ. ನಿಲ್ಲಿಸಲು ನೋಡಿದ್ದು ಒಂದು ಕಾಗದದ ತುಂಡು.

ಇಪ್ಪತ್ತರ ಆಸುಪಾಸಿನಲ್ಲಿ ಅವಳ ಕಿವಿಗೆ ಮಿರ್ಹೊರೊದ್ ಊರಿನ ಸುದ್ದಿ ಬಿತ್ತು. ಅಲ್ಲಿ ಪಿಂಗಾಣಿ ಕಲೆಯನ್ನು ಕಲಿಸುವ ಒಂದು ವಿದ್ಯಾಲಯವಿತ್ತು. ಎರಡು ಚಿತ್ರ ತೆಗೆದುಕೊಂಡು ಹೊರಟಳು. ಒಂದು ಯಾವುದೋ ಚಿತ್ರದ ನಕಲು, ಇನ್ನೊಂದು ಅಜ್ಜನ ಮನೆ. ಬಟ್ಟೆಯ ಮೇಲೆ ಬರೆದರೆ ಚೆನ್ನಾಗಿರುವುದಿಲ್ಲವೆಂದು ಇದಕ್ಕಾಗಿಯೇ ಕಾಗದ ಕೊಂಡು ಬರೆದಿದ್ದಳು. ವಿದ್ಯಾಲಯದವರು ಏಳನೇ ತರಗತಿ ಪಾಸಾದ ಪತ್ರ ಕೇಳಿದರು. ಶಾಲೆಯ ಮುಖವನ್ನೇ ಕಾಣದವಳು ಯಾವ ಪತ್ರ ಕೊಟ್ಟಾಳು? ಬಾಗಿಲಿನಿಂದಲೇ ಹಿಂದಕ್ಕೆ ಕಳಿಸಿದರು. ಹೋಗುವ ಮುಂಚೆ ಆ ಎರಡು ಚಿತ್ರಗಳನ್ನು ವಿದ್ಯಾಲಯದ ಬೇಲಿಯಾಚೆ ತೋಟಕ್ಕೆ ಎಸೆದಳಂತೆ, ಯಾರಾದರೂ ಎತ್ತಿ ನೋಡಿ ಕೂಗಿ ಕರೆಯಬಹುದೆಂದು. ಯಾರೂ ಕರೆಯಲಿಲ್ಲ ಎಂದು ಅವಳ ಕಥೆ ಹೇಳುವವರು ಹೇಳುತ್ತಾರೆ.

ಈ ಮಾತು ಓದಿದಾಗಲೆಲ್ಲ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂರುತ್ತೇನೆ.

ಊರಿಗೆ ಬಂದು ನಾಟಕ ಮಂಡಳಿ ಸೇರಿದಳು. ಮನೆಗೆಲಸ ಕೆಡಬಾರದು ಎಂಬ ಕರಾರಿನ ಮೇಲೆ ಅಪ್ಪ ಅಮ್ಮ ಒಪ್ಪಿದರು. 1928ರಲ್ಲಿ ಕೀವ್‌ನ ನಾಟಕ ವಿದ್ಯಾಲಯಕ್ಕೆ ಸೇರಲು ಹೋದಳು. ಅಲ್ಲೂ ಅದೇ ಪ್ರಶ್ನೆ, ಪತ್ರ ಎಲ್ಲಿ? ಎರಡನೇ ಬಾಗಿಲೂ ಮುಚ್ಚಿತು. ಅವಳಿಗಾಗಲೇ ಇಪ್ಪತ್ತೇಳು ವರ್ಷ. ವರ ಕೇಳಿ ಬಂದವರಿದ್ದರು, ಬಣ್ಣ ಬಿಡು ಎಂದವರಿದ್ದರು. ಬಿಡಲಿಲ್ಲ. ಕಡೆಯವರೆಗೂ ಮದುವೆಯಾಗಲಿಲ್ಲ.

ನಿನಗೆ ಸಿಗದ ಸೀಟಿನ ಜೊತೆ ಇದನ್ನು ಹೋಲಿಸಿ ನಿನ್ನ ದುಃಖವನ್ನು ಸಣ್ಣದು ಮಾಡಲು ನಾನು ಈ ಕಥೆ ಹೇಳುತ್ತಿಲ್ಲ. ನಿನ್ನದು ನಿನಗೆ ದೊಡ್ಡದೇ. ನಾನು ಹೇಳುವುದು ಇಷ್ಟೇ: ಆ ವಿದ್ಯಾಲಯದವರು ಅವಳ ಚಿತ್ರ ನೋಡಿ ಬೇಡವೆನ್ನಲಿಲ್ಲ. ಪತ್ರ ಇಲ್ಲವೆಂದು ಬೇಡವೆಂದರು. ಬಾಗಿಲಲ್ಲಿ ಕೂತವರು ಏನನ್ನು ತೂಗುತ್ತಿದ್ದಾರೆ ಎಂದು ಮೊದಲು ಗಮನಿಸು. ನಿನ್ನ ಪಟ್ಟಿಯಲ್ಲಿ ಅಂಕ ತೂಗಿದರು, ಮೂರು ಗಂಟೆಯ ಪರೀಕ್ಷೆಯಲ್ಲಿ ನಿನ್ನ ಕೈ ಎಷ್ಟು ಬೇಗ ಓಡಿತು ಎಂದು ತೂಗಿದರು. ನೀನು ಹಿತ್ತಲಲ್ಲಿ ಕೂತು ಬಾಳೆಯ ಹೂವಿನ ಸಿಪ್ಪೆಯ ಒಳಮೈಯ ಬಣ್ಣ ಸಿಗಲಿಲ್ಲವೆಂದು ಮೂರು ಸಲ ಹರಿದು ಹಾಕಿದ್ದನ್ನು ಅವರು ಯಾರೂ ನೋಡಿಲ್ಲ. ನಾನು ನೋಡಿದ್ದೇನೆ.

ಇನ್ನು ಮುಂದಿನದನ್ನು ನಿನಗೆ ಹೇಳಲೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಮುಚ್ಚಿಟ್ಟರೆ ಕಥೆ ಸುಳ್ಳಾಗುತ್ತದೆ.

1932–33ರಲ್ಲಿ ಉಕ್ರೇನಿನಲ್ಲಿ ಭೀಕರ ಕ್ಷಾಮ ಬಂತು. ಮಳೆಯಿಲ್ಲದೆ ಬಂದ ಕ್ಷಾಮವಲ್ಲ. ಸ್ಟಾಲಿನ್ ಸರ್ಕಾರ ರೈತರ ಮನೆಯಿಂದ ಕಾಳುಕಡ್ಡಿ ಎತ್ತಿಕೊಂಡು ಹೋದದ್ದರಿಂದ ಬಂದದ್ದು. ಹೊಲೊದೊಮೊರ್ ಎನ್ನುತ್ತಾರೆ. ಲಕ್ಷ ಲಕ್ಷ ಜನ ಹಸಿದು ಸತ್ತರು, ಪೊಲ್ತಾವಾ ಸೀಮೆ ಬಹಳ ಪೆಟ್ಟು ತಿಂದಿತು. ಅದು ಕಳೆದ ಮರುವರ್ಷ, 1934ರ ಶರತ್ಕಾಲದಲ್ಲಿ, ಚಿತ್ರದ ವಿಷಯಕ್ಕೆ ಮನೆಯಲ್ಲಿ ಮತ್ತೆ ಮತ್ತೆ ನಡೆದ ಜಗಳದಿಂದ ಸೋತ ಕತೆರಿನಾ ಊರ ಪಕ್ಕದ ಚುಮ್ಹಾಕ್ ನದಿಯಲ್ಲಿ ಪ್ರಾಣ ಕಳೆದುಕೊಳ್ಳಲು ಹೋದಳು. ಬದುಕಿ ಉಳಿದಳು. ಆದರೆ ಆ ಚಳಿನೀರಿನಿಂದ ಕಾಲಿಗೆ ಬಂದ ನೋವು ಕಡೆಯವರೆಗೂ ಬಿಡಲಿಲ್ಲ. ಅದಾದ ಮೇಲೆ ಅಪ್ಪ, ಬರೆದುಕೋ ಎಂದು ಒಪ್ಪಿದ.

ಇದನ್ನು ಕೇಳಿ, ಅಷ್ಟು ಮಾಡಿದ್ದಕ್ಕೇ ಒಪ್ಪಿಗೆ ಸಿಕ್ಕಿತು ಎಂದು ಯಾರೂ ತಿಳಿಯಬಾರದು, ನೀನಂತೂ ತಿಳಿಯಲೇಬಾರದು. ಆ ಒಂದು ಸಂಜೆ ಅವಳ ಕಾಲನ್ನು ತಿಂದಿತು. ಇನ್ನು ಸ್ವಲ್ಪದರಲ್ಲಿ ಎಲ್ಲವನ್ನೂ ತಿನ್ನುತ್ತಿತ್ತು. ನಾವು ಇಂದು ಅವಳದೆಂದು ನೋಡುವ ಚಿತ್ರಗಳಲ್ಲಿ ಹೆಚ್ಚಿನವು ಆಮೇಲೆ ಹುಟ್ಟಿದವು. ಅವಳು ಹೋಗಿಬಿಟ್ಟಿದ್ದರೆ ಅವಳ ಹೆಸರು ಹೇಳುವವರೇ ಇರುತ್ತಿರಲಿಲ್ಲ. ಮನಸ್ಸು ಅಷ್ಟು ಕತ್ತಲಾದ ದಿನ ಯಾರಾದರೊಬ್ಬರಿಗೆ ಬಾಯಿಬಿಟ್ಟು ಹೇಳು. ಅಮ್ಮನಿಗೆ ಹೇಳಲಾಗದಿದ್ದರೆ ನನಗೆ ಹೇಳು, ರಾತ್ರಿ ಎರಡು ಗಂಟೆಯಾದರೂ ಸರಿ. ಮುದುಕನಿಗೆ ಹೇಗೂ ನಿದ್ದೆ ಕಡಿಮೆ. ಮನೆಯ ಹಿರಿಯರಿಗೂ ನಾನು ಹೇಳುವುದಿದೆ: ಮಗಳು ನದಿಯವರೆಗೆ ಹೋಗಿ ಬರುವ ತನಕ ಒಪ್ಪಿಗೆಯನ್ನು ಗಂಟು ಕಟ್ಟಿ ಇಟ್ಟುಕೊಳ್ಳಬೇಡಿ.

ಈಗ ಹೂವಿನ ವಿಷಯಕ್ಕೆ ಬರುತ್ತೇನೆ. ಕಾಗದ ಹಿಡಿದದ್ದೇ ಇದಕ್ಕೆ.

ಕತೆರಿನಾ ಹೂ ಕೀಳುತ್ತಿರಲಿಲ್ಲ. ಕಿತ್ತ ಹೂ ತನ್ನ ಪಾಲಿನ ಬದುಕನ್ನು ಕಳೆದುಕೊಳ್ಳುತ್ತದೆ ಎಂಬುದು ಅವಳ ನಂಬಿಕೆ. ಹೂದಾನಿಯಲ್ಲಿಟ್ಟು ಬರೆದದ್ದಲ್ಲ, ಗಿಡ ಎಲ್ಲಿದೆಯೋ ಅಲ್ಲಿಗೇ ಹೋಗಿ ಬರೆದಳು. ತನಗೆ ಬೇಕಾದ ಹೂ ದೂರದ ಕಾಡಿನಲ್ಲಿದ್ದರೆ ನೋಯುವ ಕಾಲಿನಲ್ಲೇ ಮೈಲಿಗಟ್ಟಲೆ ನಡೆದು ಹೋಗುತ್ತಿದ್ದಳು. ಮೊದಲೇ ಪೆನ್ಸಿಲಿನಲ್ಲಿ ಇಡೀ ಚಿತ್ರದ ನಕ್ಷೆ ಹಾಕುವ ಅಭ್ಯಾಸ ಇರಲಿಲ್ಲ. ಒಂದು ಹೂವಿನಿಂದ ಶುರು, ಅದರ ಪಕ್ಕಕ್ಕೆ ಇನ್ನೊಂದು, ಹಾಗೇ ಬೆಳೆಯುತ್ತಾ ಹೋಗುತ್ತಿತ್ತು. ವಸಂತದಲ್ಲಿ ಪಿಯೋನಿ ಅರಳಿದಾಗ ಅದನ್ನು ಬರೆದಳು. ಬೇಸಿಗೆಯಲ್ಲಿ ಗುಲಾಬಿ, ಲಿಲ್ಲಿ, ಗಸಗಸೆ ಹೂ ಬಂದವು, ಅವು ತಮ್ಮ ಜಾಗದಲ್ಲಿ ಕೂತವು. ಡೇಲಿಯಾ ಬರಬೇಕಾದರೆ ಬೇಸಿಗೆ ಮುಗಿಯುತ್ತಾ ಬರಬೇಕು, ಅಲ್ಲಿಯವರೆಗೆ ಕಾದಳು. ಹೀಗೆ ಒಂದೇ ಚಿತ್ರ ವಸಂತದಲ್ಲಿ ಶುರುವಾಗಿ ಎಲೆ ಉದುರುವ ಕಾಲಕ್ಕೆ ಮುಗಿಯುತ್ತಿತ್ತು. ಆದ್ದರಿಂದಲೇ ಅವಳ ಚಿತ್ರಗಳಲ್ಲಿ ಒಂದೇ ದಿನ ಒಟ್ಟಿಗೆ ಅರಳಲಾರದ ಹೂಗಳು ಪಕ್ಕಪಕ್ಕ ಅರಳಿ ನಿಂತಿವೆ. ಯಾವ ತೋಟದಲ್ಲೂ ನಿನಗೆ ಆ ನೋಟ ಸಿಗುವುದಿಲ್ಲ. ಅದು ಒಂದು ವರ್ಷವಿಡೀ ಒಂದು ಬಟ್ಟೆಯ ಮುಂದೆ ಕೂತವರಿಗೆ ಮಾತ್ರ ಸಿಗುವ ತೋಟ.

1945ರ ‘ಅಲಂಕಾರದ ಹೂಗಳು’ ನೋಡು, 1950ರ ‘ಸಂಜೆಯ ಹೂಗಳು ಮತ್ತು ಬರ್ಚ್ ಮರಗಳು’ ನೋಡು. ಮುದ್ರಣದಲ್ಲಿ ನೋಡಿದರೂ ಸಾಕು, ಮೊದಲು ಕಣ್ಣು ತುಂಬಿಬಿಡುತ್ತದೆ, ಎಲ್ಲಿ ನಿಲ್ಲಬೇಕೆಂದು ತಿಳಿಯುವುದಿಲ್ಲ. ಅವಸರ ಬೇಡ. ಒಂದು ಎಸಳು ಹಿಡಿದುಕೋ. ಅದರ ಅಂಚು ಎಲ್ಲಿ ಮಡಿಚಿದೆ, ಆ ಮಡಿಕೆಯ ನೆರಳು ಯಾವ ಬಣ್ಣದ್ದು, ಹಿಂದಿನ ಎಸಳಿನ ಕೆಂಪು ಮುಂದಿನದರ ಮೇಲೆ ಎಷ್ಟು ಬಿದ್ದಿದೆ ಎಂದು ನೋಡು. ಮುಂದಿನ ದೊಡ್ಡ ಹೂವಿಗೆ ಎಷ್ಟು ಶ್ರದ್ಧೆ ಸಂದಿದೆಯೋ ಹಿಂದೆ ಮೂಲೆಯಲ್ಲಿ ಅರ್ಧ ಮುಚ್ಚಿಹೋದ ಹುಲ್ಲುಹೂವಿಗೂ ಅಷ್ಟೇ ಸಂದಿದೆ. ದೊಡ್ಡ ದೊಡ್ಡ ಗುರುಗಳು, ಮುಖ್ಯವಾದದ್ದನ್ನು ಎತ್ತಿ ತೋರಿಸು ಉಳಿದದ್ದನ್ನು ಮಸುಕು ಮಾಡು ಎಂದು ಕಲಿಸುತ್ತಾರೆ. ನಾನೂ ಹಾಗೇ ಕಲಿಸಿದೆ. ಅವಳ ಚಿತ್ರ ನೋಡಿದ ಮೇಲೆ ಆ ಪಾಠದ ಮೇಲಿನ ನನ್ನ ನಂಬಿಕೆ ಸಡಿಲವಾಯಿತು. ಅವಳಿಗೆ ಮುಖ್ಯವಲ್ಲದ ಹೂ ಇರಲಿಲ್ಲ.

ನಾನು ತರಗತಿಯಲ್ಲಿ ಏನು ಮಾಡುತ್ತಿದ್ದೆ ಗೊತ್ತೇ? ಶಾಲೆಯ ಅಂಗಳದ ದಾಸವಾಳ ಕಿತ್ತು ತಂದು ಲೋಟದಲ್ಲಿಟ್ಟು, ಬರೀರಿ ಎನ್ನುತ್ತಿದ್ದೆ. ಸಂಜೆಯ ಪೀರಿಯಡ್ಡಿನ ಮಕ್ಕಳ ಮುಂದೆ ಬರುವ ಹೊತ್ತಿಗೆ ಹೂ ಮುದುಡಿರುತ್ತಿತ್ತು. ಮಕ್ಕಳು ಮುದುಡಿದ ಹೂವನ್ನು ನೋಡಿ ಅರಳಿದ ಹೂ ಬರೆಯುತ್ತಿದ್ದರು, ಅಂದರೆ ನೋಡದೆಯೇ ಬರೆಯುತ್ತಿದ್ದರು. ನಾನು ಹತ್ತಕ್ಕೆ ಎಂಟು ಕೊಡುತ್ತಿದ್ದೆ. ಮೂವತ್ತೊಂದು ವರ್ಷ ಅವರನ್ನು ಅಂಗಳಕ್ಕೆ ಕರೆದುಕೊಂಡು ಹೋಗಿ ಗಿಡದ ಮುಂದೆ ಕೂರಿಸಬಹುದಿತ್ತು. ಕೂರಿಸಲಿಲ್ಲ. ಈ ಮಾತನ್ನು ನಿನ್ನ ಹೊರತು ಯಾರಿಗೂ ಹೇಳಿಲ್ಲ.

1940ರ ವಸಂತದಲ್ಲಿ ಕತೆರಿನಾ ರೇಡಿಯೊದಲ್ಲಿ ಒಂದು ಹಾಡು ಕೇಳಿದಳು. ಹುಲ್ಲುಗಾವಲಿನ ಕಲಿನಾ ಗಿಡ, ತನ್ನನ್ನು ಮುರಿದು ಕಟ್ಟು ಕಟ್ಟಿದರೆಂದು ತನ್ನ ಪಾಡನ್ನು ತೋಡಿಕೊಳ್ಳುವ ಜನಪದ ಹಾಡು. ಹಾಡಿದವಳು ಒಕ್ಸಾನಾ ಪೆತ್ರುಸೆಂಕೊ, ಕೀವ್‌ನ ಹೆಸರಾಂತ ಒಪೆರಾ ಗಾಯಕಿ, ಅವಳೂ 1900ರಲ್ಲೇ ಹುಟ್ಟಿದವಳು. ಹೂ ಕೀಳದ ಹೆಂಗಸಿಗೆ ಆ ಹಾಡು ಹೇಗೆ ತಾಗಿರಬೇಕು! ಕೂತು ಗಾಯಕಿಗೆ ಕಾಗದ ಬರೆದಳು. ಬಟ್ಟೆಯ ತುಂಡಿನ ಮೇಲೆ ಕಲಿನಾ ಬರೆದು ಒಳಗಿಟ್ಟಳು. ವಿಳಾಸ ಸರಿಯಾಗಿ ಗೊತ್ತಿರಲಿಲ್ಲ. ಕೀವ್, ರಂಗಮಂದಿರ, ಗಾಯಕಿಯ ಹೆಸರು ಇಷ್ಟೇ ಹಾಕಿ ಅಂಚೆಗೆ ಹಾಕಿದಳು. ಕಾಗದ ತಲುಪಿತು. ಗಾಯಕಿ ಅದನ್ನು ಹಿಡಿದು ನಟ ವಸಿಲ್ ಕಸಿಯಾನ್, ಕವಿ ಪಾವ್ಲೊ ತಿಚಿನಾ ಇವರಿಗೆ ತೋರಿಸಿದಳು. ಅಲ್ಲಿಂದ ಮಾತು ಜನಪದ ಕಲೆಯ ಕೇಂದ್ರಕ್ಕೆ, ಅಲ್ಲಿಂದ ಪೊಲ್ತಾವಾಕ್ಕೆ ಹೋಯಿತು. ವೊಲೊದಿಮಿರ್ ಹಿತ್ಕೊ ಎಂಬಾತ ಹಳ್ಳಿಗೆ ಬಂದು ಚಿತ್ರಗಳನ್ನು ನೋಡಿದ. ಅದೇ ವರ್ಷ ಪೊಲ್ತಾವಾದಲ್ಲಿ ಅವಳದೇ ಪ್ರದರ್ಶನ ನಡೆಯಿತು, 11 ಚಿತ್ರಗಳು. ನಲವತ್ತು ತುಂಬುತ್ತಿದ್ದ ವರ್ಷ. ಬಹುಮಾನವಾಗಿ ಮಾಸ್ಕೊಗೆ ಕರೆದೊಯ್ದು ತ್ರೆತ್ಯಾಕೊವ್ ಗ್ಯಾಲರಿ ತೋರಿಸಿದರು.

ಆ ಗಾಯಕಿ ಅದೇ ವರ್ಷದ ಜುಲೈನಲ್ಲಿ ತೀರಿಹೋದಳು. ಕಾಗದ ಕೆಲವು ತಿಂಗಳು ತಡವಾಗಿದ್ದರೆ ಅದನ್ನು ತೆರೆಯುವ ಕೈಯೇ ಇರುತ್ತಿರಲಿಲ್ಲ.

ಮಗೂ, ಇಲ್ಲಿ ಸ್ವಲ್ಪ ನಿಲ್ಲು. ಮಿರ್ಹೊರೊದ್‌ನಲ್ಲಿ ಅವಳು ಚಿತ್ರವನ್ನು ಬೇಲಿಯಾಚೆ ಎಸೆದು ಯಾರಾದರೂ ಕರೆಯಲಿ ಎಂದು ಕಾದಳು. ಈ ಸಲ ಎಸೆಯಲಿಲ್ಲ. ಹೆಸರು ಹಾಕಿ, ಒಬ್ಬ ವ್ಯಕ್ತಿಗೆ ಕಳಿಸಿದಳು. ಈ ನಡುವಿನ ವರ್ಷಗಳಲ್ಲಿ ಅವಳು ಕಲಿತ ದೊಡ್ಡ ವಿದ್ಯೆಗಳಲ್ಲಿ ಇದೂ ಒಂದು ಎಂದು ನಾನು ತಿಳಿದಿದ್ದೇನೆ. ನೀನು ಚಿತ್ರ ಬರೆದು ಮೊಬೈಲಿನಲ್ಲಿ ಹಾಕುತ್ತೀಯ, ಯಾರು ಎಷ್ಟು ಲೈಕ್ ಒತ್ತಿದರು ಎಂದು ಎಣಿಸುತ್ತೀಯ. ಅದು ಬೇಲಿಯಾಚೆ ಎಸೆದ ಹಾಗೆ. ನೀನು ಗೌರವಿಸುವ ಒಬ್ಬ ಕಲಾವಿದರಿಗೆ, ಒಬ್ಬರಿಗೇ, ಕಾಗದ ಬರೆ. ಹೊಗಳಿಕೆ ಕೇಳಬೇಡ. ಈ ಎಸಳು ಯಾಕೆ ಕಾಗದದಂತೆ ಕಾಣುತ್ತದೆ, ಮಾಂಸದಂತೆ ಯಾಕೆ ಕಾಣುವುದಿಲ್ಲ ಎಂದು ಕೇಳು. ಉತ್ತರ ಬರದಿದ್ದರೆ ಇನ್ನೊಬ್ಬರಿಗೆ ಬರೆ. ಕೇಳುವುದರಲ್ಲಿ ನಾಚಿಕೆಯಿಲ್ಲ.

ಯುದ್ಧ ಬಂತು, ಹಳ್ಳಿ ಜರ್ಮನರ ಕೈ ಸೇರಿತು, ಮತ್ತೆ ಬಿಡುಗಡೆಯಾಯಿತು. 1944ರಲ್ಲಿ ಕೀವ್‌ನ ಜನಪದ ಅಲಂಕಾರ ಕಲೆಯ ಮ್ಯೂಸಿಯಂನ ನಿರ್ದೇಶಕ ವಸಿಲ್ ನಹಾಯ್ ಅವಳ ಮನೆಗೇ ಬಂದು ಚಿತ್ರಗಳನ್ನು ಕೊಂಡ. ಅವಳ ಅತ್ಯುತ್ತಮ ಚಿತ್ರಗಳು ಇಂದು ಆ ಮ್ಯೂಸಿಯಂನಲ್ಲಿ ಇರುವುದಕ್ಕೆ ಅದೇ ಮೊದಲು.

ನನಗೆ ಎಲ್ಲಕ್ಕಿಂತ ಹತ್ತಿರವಾದ ಚಿತ್ರ ‘ತ್ಸಾರ್ ಕೊಲೊಸ್’. ನಮ್ಮ ಮಾತಿನಲ್ಲಿ ತೆನೆಯರಸ ಎನ್ನಬಹುದು. ಹೂಗಳ ನಡುವೆ ಗೋಧಿಯ ತೆನೆಗಳು ನಿಂತಿವೆ. ಗುಲಾಬಿ, ಪಿಯೋನಿಗಳಿಗೆ ಕೊಡದ ಕಿರೀಟವನ್ನು ಅವಳು ಗೋಧಿಗೆ ಕೊಟ್ಟಳು. ಕಾಳಿಲ್ಲದೆ ಜನ ಸತ್ತ ಸೀಮೆಯಲ್ಲಿ ಬದುಕಿ ಉಳಿದ ಹೆಂಗಸು ಅವಳು. ಹಸಿವಿನ ಹೆಸರನ್ನು ಬಾಯಲ್ಲಿ ಎತ್ತುವಂತಿಲ್ಲದ ಕಾಲದಲ್ಲಿ ತೆನೆಯನ್ನು ಅರಸನೆಂದು ಕರೆದಳು. ಅವಳ ಮನಸ್ಸಿನಲ್ಲಿ ಏನಿತ್ತೋ ಅವಳಿಗೇ ಗೊತ್ತು. ನಾನು ಮಾತ್ರ ಆ ಚಿತ್ರವನ್ನು ಹಾಗೆಯೇ ಓದುತ್ತೇನೆ.

ಆ ಚಿತ್ರ 1954ರಲ್ಲಿ ‘ಬರ್ಚ್ ಮರ’, ‘ಕೂಡುಬೇಸಾಯದ ಹೊಲ’ ಎಂಬ ಇನ್ನೆರಡರ ಜೊತೆ ಪ್ಯಾರಿಸ್ಸಿನ ಪ್ರದರ್ಶನಕ್ಕೆ ಹೋಯಿತು. ಅಲ್ಲಿ ಪಿಕಾಸೊ ಅವಳನ್ನು ಬಹಳ ಕೊಂಡಾಡಿದನೆಂಬ ಮಾತು ಅವಳ ಹೆಸರಿನ ಜೊತೆಯಲ್ಲೇ ಎಲ್ಲೆಡೆ ಓಡಾಡುತ್ತದೆ. ಅವಳ ಬಗ್ಗೆ ಬರೆಯುವವರೆಲ್ಲ ಮೊದಲ ಸಾಲಿನಲ್ಲೇ ಅದನ್ನು ಹಾಕುತ್ತಾರೆ. ನಾನು ಬೇಕೆಂತಲೇ ಇಷ್ಟು ಹೊತ್ತು ತಡೆದೆ. ಪ್ಯಾರಿಸ್ಸಿನಿಂದ ಬಂದ ಹೊಗಳಿಕೆಯಿಂದ ಆ ಎಸಳುಗಳಿಗೆ ಒಂದು ಕೂದಲೆಳೆಯಷ್ಟೂ ಬೆಲೆ ಏರಲಿಲ್ಲ. ಅವು ಬೊಹ್ದಾನಿವ್ಕಾದ ಗುಡಿಸಿಲಿನಲ್ಲೇ ಪೂರ್ತಿಯಾಗಿದ್ದವು.

ಬಿರುದುಗಳೂ ಬಂದವು. 1949ರಲ್ಲಿ ಕಲಾವಿದರ ಸಂಘದ ಸದಸ್ಯತ್ವ, 1951ರಲ್ಲಿ ಸರ್ಕಾರದ ಪದಕ, 1956ರಲ್ಲಿ ಉಕ್ರೇನಿನ ಜನತಾ ಕಲಾವಿದೆ ಎಂಬ ಬಿರುದು. ಬಿರುದು ಬಂದರೂ ಮನೆಯ ಪಾಡು ಬದಲಾಗಲಿಲ್ಲ. ಮಣ್ಣಿನ ನೆಲ, ಒಲೆಯ ಹೊಗೆ, ಆ ಹೊಗೆಯ ನಡುವೆ ಹಸಿಬಣ್ಣದ ಚಿತ್ರ. 1948ರಲ್ಲಿ ಅಪ್ಪ ತೀರಿಕೊಂಡ. ವಯಸ್ಸಾದ ಕಾಯಿಲೆಯ ಅಮ್ಮನನ್ನು ನೋಡಿಕೊಳ್ಳುವುದು ಅವಳ ಪಾಲಿಗೆ ಬಂತು. ಒಲೆ, ನೀರು, ಹಿತ್ತಲು, ಅಮ್ಮನ ಹಾಸಿಗೆ, ಇವೆಲ್ಲ ಮುಗಿದ ಮೇಲೆ ಚಿತ್ರ. ಕೀವ್‌ಗೆ ಹೋಗಿ ನೆಲೆಸುವ ಆಸೆ ಇತ್ತು, ಕೈಗೂಡಲಿಲ್ಲ. ಹೂ ಬಿಟ್ಟು ಬೇರೆ ಏನಾದರೂ ಬರೆಯಬಾರದೇ ಎಂದು ಕೇಳಿದವರಿಗೆ, ಹೂವಿನಷ್ಟು ಚೆಲುವಾದದ್ದು ಇನ್ನೆಲ್ಲೂ ಕಾಣಲಿಲ್ಲವೆಂಬ ಅರ್ಥದಲ್ಲಿ ಕಾಗದ ಬರೆದಳು. ಅವಳ ಕಾಗದಗಳೂ ಪುಸ್ತಕವಾಗಿ ಬಂದಿವೆ. ಶಾಲೆ ಕಾಣದವಳು ಅಷ್ಟು ಬರೆದಳು!

ಕಷ್ಟವೇ ಅವಳನ್ನು ಕಲಾವಿದೆ ಮಾಡಿತು ಎಂದು ಹೇಳುವವರಿದ್ದಾರೆ. ನಂಬಬೇಡ. ಕಷ್ಟ ಅವಳ ಕಾಲು ತಿಂದಿತು, ಎಷ್ಟೋ ವರ್ಷ ತಿಂದಿತು, ಬರೆಯಬಹುದಾಗಿದ್ದ ಎಷ್ಟೋ ಚಿತ್ರಗಳನ್ನು ತಿಂದಿತು. ಚಳಿಗೆ ಬೆಚ್ಚನೆಯ ಕೋಣೆ, ಒಂದು ದೀಪ, ಕಾಲಿಗೆ ಒಳ್ಳೆಯ ವೈದ್ಯ ಸಿಕ್ಕಿದ್ದರೆ ನಮಗೆ ಇನ್ನಷ್ಟು ಚಿತ್ರಗಳಿರುತ್ತಿದ್ದವು. ನಿನಗೆ ಬೆಳಕಿರುವ ಕೋಣೆಯಿದೆ, ಅದಕ್ಕಾಗಿ ಸಂಕೋಚಪಡಬೇಡ. ಆ ಕೋಣೆಯಲ್ಲಿ ಕೂತು ಕೆಲಸ ಮಾಡು.

ಅವಳ ಜೊತೆ ಇನ್ನೊಬ್ಬಳ ಹೆಸರನ್ನೂ ಹೇಳಬೇಕು, ಮರಿಯಾ ಪ್ರಿಮಾಚೆಂಕೊ. ಬೊಲೊತ್ನ್ಯಾ ಎಂಬ ಹಳ್ಳಿಯವಳು, ಪೋಲಿಯೊದಿಂದ ಕಾಲು ಕುಂಟಾದವಳು, ಎಲ್ಲೂ ಇಲ್ಲದ ಪ್ರಾಣಿಗಳನ್ನು ಬರೆದವಳು. 2022ರ ಫೆಬ್ರವರಿಯಲ್ಲಿ ರಷ್ಯಾ ದಾಳಿ ಮಾಡಿದಾಗ ಇವಾನ್‌ಕಿವ್ ಊರಿನ ಮ್ಯೂಸಿಯಂಗೆ ಬೆಂಕಿ ಬಿತ್ತು. ಅಲ್ಲಿ ಅವಳ ಚಿತ್ರಗಳಿದ್ದವು. ಊರಿನವರು ಉರಿಯುವ ಕಟ್ಟಡಕ್ಕೆ ನುಗ್ಗಿ ಚಿತ್ರಗಳನ್ನು ಹೊರಗೆ ತಂದರು. ಚಿತ್ರ ಬರೆಯುವುದರಿಂದ ಯಾರಿಗೇನು ಉಪಯೋಗ ಎಂದು ನಿನ್ನ ಅಪ್ಪ ಕೇಳುತ್ತಾನಲ್ಲ, ಅವನಿಗೆ ಇದನ್ನು ಹೇಳು.

1961ರಲ್ಲಿ ಕತೆರಿನಾಗೆ ಹೊಟ್ಟೆನೋವು ಹೆಚ್ಚಿತು. ಜೂನ್ ತಿಂಗಳಲ್ಲಿ ಅಮ್ಮ ತೀರಿಕೊಂಡಳು. ಕೆಲವೇ ದಿನಗಳಲ್ಲಿ ಹತ್ತಿರದ ಯಾಹೊತಿನ್ ಊರಿನ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಮಾಡಿದರು, ಫಲಿಸಲಿಲ್ಲ. ಅರವತ್ತು ವರ್ಷ ಬದುಕಿದಳು. ಅವಳ ಮನೆ ಈಗ ಮ್ಯೂಸಿಯಂ ಆಗಿದೆ. ಜೂನ್ ಅಂದರೆ ಅಲ್ಲಿ ಪಿಯೋನಿ ಮುಗಿದು ಗುಲಾಬಿ ಶುರುವಾಗುವ ಕಾಲ. ಆ ವರ್ಷದ ಡೇಲಿಯಾ ಅವಳಿಗೆ ಸಿಗಲಿಲ್ಲ.

ಈಗ ನಿನ್ನಿಂದ ನನಗೆ ಬೇಕಾದದ್ದು ಕೇಳು. ಮುಂದಿನ ವರ್ಷ ಮತ್ತೆ ಪರೀಕ್ಷೆಗೆ ಕೂರು, ಸೀಟು ಸಿಕ್ಕರೆ ಹೋಗು. ಕಾಲೇಜು ಬೇಡವೆಂದು ನಾನು ಯಾವತ್ತೂ ಹೇಳುವುದಿಲ್ಲ. ಅವಳು ಹಂಬಲಿಸಿದ್ದೂ ಅದನ್ನೇ. ಆದರೆ ಆ ಒಂದು ವರ್ಷ ಡಬ್ಬಿ ಅಟ್ಟದ ಮೇಲೆ ಇರಬಾರದು. ಇಳಿಸು. ನಿಮ್ಮ ಮನೆಯ ತಾರಸಿಯಲ್ಲಿ ಕುಂಡಗಳಿವೆ, ಗೇಟಿನ ಪಕ್ಕ ನಂದಿಬಟ್ಟಲು ಇದೆ, ಎದುರು ಮನೆಯವರ ಗೋಡೆ ದಾಟಿ ಬಂದ ಕಾಗದದ ಹೂವಿದೆ. ಒಂದು ದೊಡ್ಡ ಹಾಳೆಯಲ್ಲಿ ಇವತ್ತು ಅರಳಿದ ಒಂದು ಹೂ ಬರೆ. ಉಳಿದ ಜಾಗ ಖಾಲಿ ಬಿಡು. ಮುಂದಿನ ತಿಂಗಳು ಯಾವುದು ಅರಳುತ್ತದೋ ಅದು ಆ ಜಾಗಕ್ಕೆ ಬರಲಿ. ಕೀಳಬೇಡ, ಫೋಟೊ ತೆಗೆದು ಒಳಗೆ ಕೂತೂ ಬರೆಯಬೇಡ. ಬಿಸಿಲಿದ್ದರೆ ಛತ್ರಿ ಹಿಡಿದುಕೊಂಡು ಗಿಡದ ಹತ್ತಿರವೇ ಕೂತುಕೋ. ನಿನ್ನಮ್ಮ ಬೈದರೆ ಅಜ್ಜ ಹೇಳಿದ್ದಾನೆ ಎನ್ನು.

ದೀಪಾವಳಿಗೆ ಬರುವಾಗ ಆ ಹಾಳೆಯನ್ನು ಸುರುಳಿ ಸುತ್ತಿ ತೆಗೆದುಕೊಂಡು ಬಾ. ಮುಗಿದಿರುವುದಿಲ್ಲ, ಗೊತ್ತು. ಮುಗಿಯದ್ದನ್ನೇ ತಾ. ನಮ್ಮ ಹಿತ್ತಲಲ್ಲಿ ಆ ಹೊತ್ತಿಗೆ ಚೆಂಡುಹೂ ಬಿಟ್ಟಿರುತ್ತದೆ. ಒಂದು ಮೂಲೆ ಅದಕ್ಕೆ ಉಳಿಸಿರು.